ಮೀಟರಣ್ಣನ ಕರೆಂಟು ಗಿಟಾರು

ಜಗಳ ಹುಟ್ಟಬೇಕಾದರೆ ಬೇಲಿಯೇ ಸರಿಯಬೇಕು ಅಂತೇನಿಲ್ಲ. ಒಂದು ಹಿಡಿ ಮರದ ಹುಡಿ ಸಾಕು. ಜೊತೆಗೆ ಗಾಳಿ ಒಂದಿಷ್ಟು ತಲೆಹರಟೆಯಾಗಿರಬೇಕು, ಅಷ್ಟೇ.

ಆ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಮೀಟರಣ್ಣ ಹಿತ್ತಲಲ್ಲಿ ಮುಕ್ಕಾಲಿ ಹಾಕಿಕೊಂಡು, ತೊಡೆಯ ಮೇಲೆ ಗಿಟಾರಿನ ಒಡಲನ್ನು ಮಲಗಿಸಿಕೊಂಡು ಉಪ್ಪುಕಾಗದದಿಂದ ಕೊನೆಯ ಸಲ ತಿಕ್ಕುತ್ತಿದ್ದ. ಯಾವುದೋ ಹಳೆ ಮನೆ ಕೆಡವಿದಾಗ ಸಿಕ್ಕ ಬಾಗಿಲ ಚೌಕಟ್ಟಿನ ಮರ ಅದು. ಕಲ್ಲಿನಷ್ಟು ಗಟ್ಟಿ, ಇಟ್ಟಿಗೆಯಷ್ಟು ಕೆಂಪು, ನೀರು ಸೋಕಿದರೆ ಬಣ್ಣ ಬಿಡುವ ಜಾತಿ. ಗಾಳಿ ಬೀಸಿತು. ಹುಡಿ ಎದ್ದಿತು. ಆಗಷ್ಟೇ ಒಗೆದು ತಂತಿಯ ಮೇಲೆ ಹರವಿದ್ದ ಆರು ಬಿಳಿ ಹೊದಿಕೆಗಳ ಮೇಲೆ ಹೋಗಿ ನೆಂಟರ ಹಾಗೆ ಕಾಲು ಚಾಚಿ ಕೂತಿತು. ಆರರಲ್ಲಿ ನಾಲ್ಕು ಅವನ ಮನೆಯವು. ಇನ್ನೆರಡು ಪಕ್ಕದ ಮನೆಯ ನಿವೃತ್ತ ಮೇಷ್ಟ್ರವು. ಅವರ ಮನೆಯ ತಂತಿ ಹರಿದಿದ್ದರಿಂದ ಇಲ್ಲಿಗೆ ವಲಸೆ ಬಂದಿದ್ದವು. ಹತ್ತೇ ನಿಮಿಷದಲ್ಲಿ ಆರಕ್ಕೆ ಆರೂ ದಡಾರ ಎದ್ದ ಮಕ್ಕಳ ಹಾಗಾದವು.

ಮೀಟರಣ್ಣನಿಗೆ ಇದೊಂದೂ ಕಾಣಲಿಲ್ಲ. ಅವನು ಕೆಲಸಕ್ಕೆ ಕೂತರೆ ಲೋಕಕ್ಕೆ ಬೆನ್ನು ಹಾಕಿಯೇ ಕೂರುವವನು. ಕಸುಬೂ ಹಾಗೆಯೇ ಇತ್ತು. ವಿದ್ಯುತ್ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಮನೆಮನೆಗೆ ಹೋಗಿ ಮೀಟರು ನೋಡಿ ಅಂಕಿ ಬರೆದುಕೊಂಡು ಬರುವ ಕೆಲಸ. ಸದಾ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದುದರಿಂದ ಊರಿನವರಿಗೆ ಅವನ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ಇಷ್ಟು ವರ್ಷದಲ್ಲಿ ಅವನ ಕೈಯಿಂದ ಹುಟ್ಟಿದ್ದು ಬರೀ ಅಂಕಿ, ಆ ಅಂಕಿಗೆ ಸಿಕ್ಕಿದ್ದು ಬರೀ ಶಾಪ. ಹೋದ ವರ್ಷ ಒಂದು ಮಧ್ಯಾಹ್ನ ಯಾರದೋ ಮಾಳಿಗೆಯಿಂದ ಕರೆಂಟು ಗಿಟಾರಿನ ಸದ್ದು ಕೇಳಿ, ಮೀಟರಿನ ಮುಂದೆ ಮುಕ್ಕಾಲು ಗಂಟೆ ಕಂಬದ ಹಾಗೆ ನಿಂತುಬಿಟ್ಟಿದ್ದ. ಆ ಮನೆಯವರು ಮೀಟರೇ ಕೆಟ್ಟಿರಬೇಕು ಅಂತ ಗಾಬರಿಯಾಗಿದ್ದರು. ಅವತ್ತೇ ತೀರ್ಮಾನಿಸಿದ: ಇಂಥದ್ದೊಂದು ನನ್ನ ಕೈಯಿಂದ ಹುಟ್ಟಬೇಕು. ನುಡಿಸಲು ಬರುವುದಿಲ್ಲ, ನಿಜ. ಬಾರದಿದ್ದರೇನು? ತೊಟ್ಟಿಲು ಮಾಡುವ ಬಡಗಿ ಅದರಲ್ಲಿ ಮಲಗುತ್ತಾನೆಯೇ?

ಎಂಟು ತಿಂಗಳಿಂದ ಹಿತ್ತಲ ಮೂಲೆಯ ಶೆಡ್ಡೇ ಅವನ ಲೋಕ. ಎಂಟಡಿ ಉದ್ದ, ಆರಡಿ ಅಗಲ, ತಗಡಿನ ಮಾಡು. ಒಂದು ಬೆಂಚು, ಗೋಡೆಗೆ ಉಳಿ, ಅರ, ಗರಗಸ. ಒಂದು ನಲ್ಲಿ, ನೀರು ಹೋಗಲು ಒಂದು ಮೋರಿ. ಆ ನಲ್ಲಿ ಮತ್ತು ಮೋರಿಯೇ ಅವನ ಪಾಲಿನ ಶನಿಯಾದವು.

"ರೀ, ಇಲ್ಲಿ ಬನ್ನಿ."

ಹೆಂಡತಿಯ ದನಿ ಮೆತ್ತಗಿತ್ತು. ಮೆತ್ತಗಿದ್ದುದರಿಂದಲೇ ಮೀಟರಣ್ಣನ ಕೈ ನಿಂತಿತು. ಹೋದ.

"ಇದೇನು?"

"ಹೊದಿಕೆ."

"ಇದು ಹೊದಿಕೆನಾ? ಕೊಲೆ ಆದ ಮನೆಯಿಂದ ಪೊಲೀಸ್ನೋರು ತಂದ ಹಾಗಿದೆ! ಮೂರು ಸಲ ಕುಕ್ಕಿ ಕುಕ್ಕಿ ಒಗೆದಿದೀನಿ ಕಣ್ರೀ. ನನ್ನ ರಟ್ಟೆ ಏನು ರಬ್ಬರಿಂದಾ?"

"ಗಾಳಿ ಕಣೇ..."

"ಗಾಳಿ ಮೇಲೆ ಹಾಕ್ಬೇಡಿ, ಅದಕ್ಕೆ ಬಾಯಿಲ್ಲ. ಇವತ್ತು ಐದು ಗಂಟೆಗೆ ಬಟ್ಟೆ ಒಗೆಯೋ ಮಷೀನು ಬರುತ್ತೆ. ಅದನ್ನ ಎಲ್ಲಿಡೋದು ಅಂತ ಒಂದು ವಾರದಿಂದ ಕೇಳ್ತಿದೀನಿ, ನೀವು ಹೂಂ ಅಂತಿದೀರಿ. ಎಲ್ಲಿ ಅಂತ ಕೇಳಿದ್ರೆ ಹೂಂ ಅನ್ನೋದು ಉತ್ತರವೇನ್ರೀ?"

"ಬಚ್ಚಲಲ್ಲಿಟ್ರೆ..."

"ಬಚ್ಚಲಲ್ಲಿಟ್ರೆ ಅದರ ಮೇಲೆ ಹತ್ತಿ ಕೂತು ಸ್ನಾನ ಮಾಡ್ಬೇಕು. ಶೆಡ್ಡಲ್ಲಿ ನಲ್ಲಿ ಇದೆ, ಮೋರಿ ಇದೆ. ಅಲ್ಲಿರೋ ನಿಮ್ಮ ಕಟ್ಟಿಗೆ ಎಂಟು ತಿಂಗಳಿಂದ ತುಟಿಪಿಟಕ್ ಅಂದಿಲ್ಲ." ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಕೇಳಿ, ಒಂದೇ ಮಾತು. ಮಷೀನು ಬಾಗಿಲಿಗೆ ಬರೋ ಹೊತ್ತಿಗೆ ಅದು ಒಂದು ಹಾಡು ಹೇಳಿದ್ರೆ ಶೆಡ್ಡು ನಿಮ್ದು, ಜನ್ಮದಲ್ಲಿ ಇನ್ನು ನಾನು ಉಸಿರೆತ್ತಲ್ಲ. ಹೇಳ್ಲಿಲ್ವಾ, ಶೆಡ್ಡು ಮಷೀನಿಗೆ. ಬರೀ ಟೊಂಯ್ ಟೊಂಯ್ ಅಂದ್ರೆ ಒಪ್ಪಲ್ಲ. ಹಾಡು. ಕೇಳಿದೋರಿಗೆ ಗುರುತು ಸಿಗೋ ಹಾಡು."

"ಆಯ್ತು," ಅಂದ ಮೀಟರಣ್ಣ. ಧೈರ್ಯಕ್ಕೆ ಕಾರಣವಿತ್ತು. ಉಳಿದದ್ದು ಮೂರೇ ಗಂಟೆಯ ಕೆಲಸ. ಕತ್ತನ್ನು ಒಡಲಿಗೆ ನಾಲ್ಕು ತಿರುಪು ಹಾಕಿ ಬಿಗಿಯಬೇಕು, ಒಳಗೆ ವೈರು ಬೆಸೆಯಬೇಕು, ಆರು ತಂತಿ ಏರಿಸಬೇಕು. ನುಡಿಸಲು ಭಾವಮೈದ ಇದ್ದ. ಮೊಬೈಲು ರಿಪೇರಿ ಅಂಗಡಿಯವನು, ಮೂರು ಹಾಡು ಗೊತ್ತಿದ್ದವನು. ಫೋನು ಮಾಡಿದರೆ, "ಹನ್ನೊಂದಕ್ಕೆ ಅಲ್ಲಿರ್ತೀನಿ ಭಾವ, ಸ್ಪೀಕರ್ ಡಬ್ಬಾನೂ ತರ್ತೀನಿ," ಅಂದ.

ಮೂರು ಗಂಟೆಯ ಕೆಲಸ ಮೂರೇ ಗಂಟೆಯಲ್ಲಿ ಮುಗಿಯಬೇಕಾದರೆ ಮನುಷ್ಯನಿಗೆ ನೆರೆಹೊರೆ ಇರಬಾರದು.

ಮೊದಲು ಬಂದವನು ಎದುರುಮನೆಯ ಟೈಲರು. ಭಾನುವಾರ ಅಂಗಡಿ ಮುಚ್ಚಿದರೂ ಅವನ ಕತ್ತಿನಲ್ಲಿ ಅಳತೆ ಪಟ್ಟಿ, ಜೇಬಿನಲ್ಲಿ ಕತ್ತರಿ ತಪ್ಪುತ್ತಿರಲಿಲ್ಲ. ಗಿಟಾರಿಗೆ ಮೊದಲಿನಿಂದಲೂ ಅವನು ಅರ್ಧ ಪಾಲುದಾರ. ಭಾವಮೈದನ ಸ್ನೇಹಿತನ ಗಿಟಾರನ್ನು ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡು ಬಂದದ್ದು ಮೀಟರಣ್ಣನಾದರೂ, ಆ ಕಾಗದವನ್ನು ಕತ್ತರಿಸಿ, ಹಲಗೆಯ ಮೇಲೆ ಹಾಸಿ, ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಟ್ಟದ್ದು ಟೈಲರೇ. "ಗೆರೆ ಎಳೆಯೋದು ಅಂದ್ರೆ ತಮಾಷೆ ಅಲ್ಲ ಮೀಟರಣ್ಣ. ಕೈ ನಡುಗಿದ್ರೆ ಕೋಟು ಹೋಗಿ ಚೀಲ ಆಗುತ್ತೆ," ಅಂತ ಅವತ್ತು ಹೇಳಿದ್ದ.

"ಏನು, ಇವತ್ತು ಫೈನಲ್ಲಾ?" ಅನ್ನುತ್ತ ಟೈಲರು ಬೆಂಚಿನ ಮೇಲೆ ಕೂತ.

"ಐದಕ್ಕೆ ಹಾಡ್ಬೇಕು. ಇಲ್ದಿದ್ರೆ ಶೆಡ್ಡು ಹೋಯ್ತು."

"ಅಯ್ಯೋ, ನಾನಿದೀನಲ್ಲ!"

ಮೀಟರಣ್ಣ ಆ ಕಡೆ ತಿರುಗಿ ಕತ್ತಿನ ತಿರುಪು ಬಿಗಿಯತೊಡಗಿದ. ನಾಲ್ಕನೆಯದು ಬಿಗಿದು ಈ ಕಡೆ ತಿರುಗಿದಾಗ ಟೈಲರು ಪಿಕಪ್ಪನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಪಿಕಪ್ ಅಂದರೆ ಕರೆಂಟು ಗಿಟಾರಿನ ಕಿವಿ. ಆರು ಪುಟ್ಟ ಅಯಸ್ಕಾಂತದ ಕಡ್ಡಿಗಳ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಏಳು ಸಾವಿರ ಸುತ್ತು ಸುತ್ತಿರುತ್ತದೆ. ಗಿಟಾರಿನ ತಂತಿ ನಡುಗಿದ್ದನ್ನು ಕೇಳಿಸಿಕೊಂಡು ಹೋಗಿ ಸ್ಪೀಕರಿಗೆ ಚಾಡಿ ಹೇಳುವುದೇ ಅದರ ಕೆಲಸ. ಸುತ್ತಿನ ಮೊದಲ ತುದಿಯೊಂದು, ಕೊನೆಯ ತುದಿಯೊಂದು ಹೊರಗೆ ಇಣುಕುತ್ತಿರಬೇಕು. ವೈರು ಬೆಸೆಯುವುದು ಅವಕ್ಕೇ.

"ಚೊಕ್ಕ ಮಾಡಿದೆ ನೋಡಿ," ಅಂದ ಟೈಲರು. "ಎರಡು ಕಡೆ ನೂಲು ಬಿಟ್ಕೊಂಡಿತ್ತು. ಕತ್ತರಿಸಿ ಹಾಕ್ದೆ."

ಮೀಟರಣ್ಣ ಪಿಕಪ್ಪನ್ನು ಕಸಿದುಕೊಂಡು ತಿರುಗಿಸಿ ನೋಡಿದ. ಕೊನೆಯ ತುದಿಯನ್ನು ಹೇಗಾದರೂ ಬಿಡಿಸಿಕೊಳ್ಳಬಹುದಿತ್ತು. ಮೊದಲ ತುದಿ ಏಳು ಸಾವಿರ ಸುತ್ತಿನ ಅಡಿಯಲ್ಲಿ, ಬುಡಕ್ಕೆ ಸಮನಾಗಿ ಹೋಗಿತ್ತು.

"ನೂಲಲ್ಲ ಮಾರಾಯ ಅದು. ಅದರ ಪ್ರಾಣ."

"ನಲವತ್ತು ವರ್ಷದ ಅಭ್ಯಾಸ ಮೀಟರಣ್ಣ," ಟೈಲರಿನ ಮುಖ ಇಸ್ತ್ರಿ ತಪ್ಪಿದ ಅಂಗಿಯಂತಾಯಿತು. "ನೂಲು ಕಂಡ್ರೆ ಕೈ ತಡೆಯಲ್ಲ. ಬನ್ನಿ, ನನ್ನ ಮಷೀನಿದೆಯಲ್ಲ, ಹೋದ ಸಲದ ಹಾಗೇ ಸುತ್ತಿಬಿಡೋಣ. ಅರ್ಧ ಗಂಟೆ."

ಹೋದ ಸಲ ಅದನ್ನು ಸುತ್ತಿದ್ದು ಟೈಲರಿನ ಹೊಲಿಗೆ ಯಂತ್ರದಲ್ಲೇ. ಪಕ್ಕದಲ್ಲಿ ಬಾಬಿನ್ನಿಗೆ ನೂಲು ಸುತ್ತುವ ಪುಟ್ಟ ಚಕ್ರವಿರುತ್ತದಲ್ಲ, ಪಿಕಪ್ಪನ್ನು ಅದಕ್ಕೆ ಅಂಟಿಸಿ ಕಾಲಲ್ಲಿ ತುಳಿಯುವುದು. ಒಂದು ತುಳಿತಕ್ಕೆ ಹತ್ತು ಸುತ್ತು. ಏಳುನೂರು ತುಳಿತ. ಟೈಲರು ತುಳಿಯಬೇಕು, ಮೀಟರಣ್ಣ ಉಸಿರು ಬಿಗಿಹಿಡಿದು ತಂತಿಯನ್ನು ಬೆರಳತುದಿಯಲ್ಲಿ ಬಿಡುತ್ತ ಹೋಗಬೇಕು. ಮೂರನೆಯವನು ಎಣಿಸಬೇಕು. ಇಬ್ಬರೂ ತಾಮ್ರದ ತಂತಿಯ ಸುರುಳಿ ಹಿಡಿದು ಟೈಲರಂಗಡಿಗೆ ನಡೆದರು.

ಮೂರನೆಯವರು ತಾವಾಗಿಯೇ ಬಂದರು. ಕೈಯಲ್ಲಿ ಎರಡು ಕೆಂಪು ಚುಕ್ಕೆಯ ಹೊದಿಕೆ ಹಿಡಿದು ಮೇಷ್ಟ್ರು ಟೈಲರಂಗಡಿಯ ಮೆಟ್ಟಿಲು ಹತ್ತಿದರು.

"ಏನಯ್ಯಾ ಇದು? ನನ್ನ ಹೊದಿಕೆ ಏನು ಪರೀಕ್ಷೆ ಪೇಪರಾ, ಇಷ್ಟು ಕೆಂಪು ಶಾಯಿ ಹಾಕೋಕೆ?"

"ತಪ್ಪಾಯ್ತು ಮೇಷ್ಟ್ರೇ. ಒಂದುಪಕಾರ ಮಾಡಿ, ಸ್ವಲ್ಪ ಎಣಿಸಿಕೊಡಿ."

ಎಣಿಸುವ ಕೆಲಸ ಅಂದೊಡನೆ ಮೇಷ್ಟ್ರ ಬೆನ್ನು ನೆಟ್ಟಗಾಯಿತು. ನಿವೃತ್ತಿಯಾಗಿ ಏಳು ವರ್ಷವಾಗಿತ್ತು, ಅಂದಿನಿಂದ ಯಾರೂ ಅವರಿಗೆ ಕೆಲಸ ಕೊಟ್ಟಿರಲಿಲ್ಲ. ಹೊದಿಕೆ ಮಡಚಿ ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು, "ಶುರು! ಒಂದು, ಎರಡು, ಮೂರು..." ಅಂದರು. ಇಡೀ ಬೀದಿಗೆ ಕೇಳಿಸುವ ದನಿ. ಟೈಲರು ಹಾಜರಿ ಹೇಳಿದವನ ಹಾಗೆ ಸಂಖ್ಯೆಗೊಂದು ತುಳಿತ ತುಳಿದ. ನೂರಾಯಿತು. ಇನ್ನೂರಾಯಿತು. ತಂತಿ ಮಿಂಚುತ್ತ ಓಡಿತು. ಮೀಟರಣ್ಣನ ಮೂಗಿನ ತುದಿಗೆ ಬೆವರು ಬಂದು ನಿಂತಿತು, ಒರೆಸಿಕೊಳ್ಳಲು ಕೈ ಇಲ್ಲ.

"ನಾನೂರ ಹನ್ನೊಂದು, ನಾನೂರ ಹನ್ನೆರಡು..."

ಪಕ್ಕದ ಚಹಾ ಅಂಗಡಿಯವನು ಬಾಗಿಲಲ್ಲಿ ತಲೆ ಹಾಕಿದ. "ಮೇಷ್ಟ್ರೇ, ಎಷ್ಟು ಟೀ ಕೊಡ್ಲಿ?"

ಮೇಷ್ಟ್ರು ಅಂಗಡಿಯೊಳಗಿದ್ದ ತಲೆಗಳನ್ನು ನೋಡಿದರು. "ಮೂರು," ಅಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಾಲ್ಕು, ಐದು, ಆರು..."

ಟೈಲರು ತುಳಿಯುತ್ತಲೇ ಇದ್ದ. ಯಂತ್ರದ ಮೇಲೆ ಕೂತರೆ ಅವನ ತಲೆ ಬೇರೆಲ್ಲೋ ಇರುತ್ತಿತ್ತು, ಕಾಲು ಮಾತ್ರ ಇಲ್ಲಿ. ಎಣಿಕೆ ಎಪ್ಪತ್ತು ದಾಟಿದ ಮೇಲೆ ಮೀಟರಣ್ಣನಿಗೆ ಎಲ್ಲೋ ಏನೋ ಚುಚ್ಚಿತು.

"ಮೇಷ್ಟ್ರೇ, ಆಗಲೇ ನಾನೂರು ದಾಟಿತ್ತಲ್ವಾ?"

"ಮಧ್ಯದಲ್ಲಿ ಬಾಯಿ ಹಾಕ್ಬೇಡ!" ಮೇಷ್ಟ್ರು ಗುಡುಗಿದರು. "ಮೂವತ್ತೊಂದು ವರ್ಷ ಲೆಕ್ಕ ಕಲಿಸಿದೋನು ನಾನು. ಎಪ್ಪತ್ತೈದು, ಎಪ್ಪತ್ತಾರು..."

ಆ ದನಿಯೊಳಗೆ ಬೆತ್ತವೊಂದು ಇನ್ನೂ ಜೀವಂತವಾಗಿತ್ತು. ನಲವತ್ತೇಳರ ಮೀಟರಣ್ಣ, ದಿನಕ್ಕೆ ಇನ್ನೂರು ಮನೆಯ ಅಂಕಿ ತಪ್ಪಿಲ್ಲದೆ ಬರೆಯುವವನು, ಐದನೇ ಕ್ಲಾಸಿನ ಹುಡುಗನಂತೆ ಬಾಯಿ ಮುಚ್ಚಿಕೊಂಡ. ಶಾಲೆ ಬಿಟ್ಟರೂ ಶಾಲೆ ನಮ್ಮನ್ನು ಬಿಡುವುದಿಲ್ಲ ಅನ್ನುವುದು ಇದಕ್ಕೇ. ಎರಡು ಎರಡು ಐದು ಅಂತ ಗಟ್ಟಿಯಾಗಿ ಹೇಳಿದವನೇ ಮೇಷ್ಟ್ರು, ನಾಲ್ಕು ಅಂತ ಮೆತ್ತಗೆ ಹೇಳಿದವನು ದಡ್ಡ.

ಏಳುನೂರಕ್ಕೆ ಮೇಷ್ಟ್ರು ಕೈ ಎತ್ತಿದಾಗ ಪಿಕಪ್ಪು ಏಳು ಸಾವಿರದ ಬದಲು ಹನ್ನೊಂದು ಸಾವಿರ ಸುತ್ತು ಉಂಡು ತಿಂಗಳು ತುಂಬಿದ ಬಸುರಿಯಂತೆ ಕೂತಿತ್ತು. ಅದಕ್ಕೆಂದು ಕೊರೆದಿದ್ದ ಗೂಡಿನೊಳಗೆ ಹೋಗಲೊಲ್ಲದು. ಮೀಟರಣ್ಣ ಶೆಡ್ಡಿಗೆ ಓಡಿ ಉಳಿ ಹಿಡಿದು ಗೂಡನ್ನು ಅಗಲ ಮಾಡಲು ಕೂತ. ಚೌಕಟ್ಟಿನ ಮರ ಹಟಮಾರಿ. ಒಂದೊಂದು ಚಕ್ಕೆಗೂ ಒಂದೊಂದು ಬೈಗುಳ ಕೇಳಿ ಎದ್ದು ಬಂತು. ಟೈಲರು ಬೆಳಕು ಹಿಡಿದ, ಮೇಷ್ಟ್ರು ಸಲಹೆ ಹಿಡಿದರು. ಊಟಕ್ಕೆ ಯಾರೂ ಏಳಲಿಲ್ಲ. ವೈರು ಬೆಸೆದು ಮುಗಿಸಿದಾಗ ಮೂರೂವರೆ.

ಹನ್ನೊಂದಕ್ಕೆ ಬರುವ ಭಾವಮೈದ ಆಗ ಬಂದ. ಬೈಕಿನ ಹಿಂದೆ ಕಟ್ಟಿದ್ದ ಸ್ಪೀಕರ್ ಡಬ್ಬ ಇಳಿಸಿ, ಕಪ್ಪು ಕನ್ನಡಕ ತಲೆಗೇರಿಸಿ, "ಎಲ್ಲಿ ಭಾವ, ಕೊಡಿ ಕೂಸನ್ನ," ಅಂತ ಗಿಟಾರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಹಾಗೆ ಹಿಡಿದ. ಹೀಗೆ ಹಿಡಿದ. ಎದ್ದು ನಿಂತು ಹಿಡಿದ. ಕನ್ನಡಕ ತೆಗೆದ.

"ಭಾವ, ಇದರ ಗುಂಡಿಗಳು ಮೇಲ್ಗಡೆ ಬಂದಿವೆ."

"ಬಂದ್ರೆ?"

"ಕೆಳಗಿರ್ಬೇಕು. ಕೈ ಹೋಗೋಕೆ ಅಂತ ಬಿಟ್ಟಿರೋ ತಗ್ಗೂ ಉಲ್ಟಾ ಇದೆ. ತಂತಿ ಹೊರೋ ಕುದುರೆನೂ ಉಲ್ಟಾ ಓರೆಯಾಗಿದೆ." ಅವನು ಗಿಟಾರನ್ನು ಕನ್ನಡಿಯೊಳಗಿನ ತನ್ನ ಮುಖ ನೋಡುವವನಂತೆ ನೋಡಿದ. "ಭಾವ, ನೀವು ಎಡಗೈಯವರ ಗಿಟಾರು ಮಾಡಿದೀರಿ!"

ಮೀಟರಣ್ಣ ಮೆಲ್ಲನೆ ಟೈಲರಿನ ಕಡೆ ತಿರುಗಿದ.

"ಅವತ್ತು ಕಾಗದ ಹಾಸುವಾಗ ಮಗುಚಿ ಹಾಕಿದ್ರಾ?"

"ಹೌದು, ಮತ್ತೆ?" ಟೈಲರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಗುರುತು ಹಾಕೋದು ಒಳಮೈಗೆ ಅಲ್ವಾ? ಬಟ್ಟೆ ಮಗುಚಿ ಒಳಗಡೆ ಚಾಕ್ ಎಳೀಬೇಕು. ಹೊರಮೈಗೆ ಗೀಚೋನು ದರ್ಜಿನಾ?"

"ಮರಕ್ಕೆ ಎಲ್ಲಿ ಮಾರಾಯ ಒಳಮೈ!"

"ಅದನ್ನ ನೀವು ಹೇಳ್ಬೇಕಿತ್ತು. ಎಂಟು ತಿಂಗಳು ನೀವೇನು ನೋಡ್ತಿದ್ರಿ?"

ಎಂಟು ತಿಂಗಳು ಮೀಟರಣ್ಣ ಅಳತೆ ನೋಡುತ್ತಿದ್ದ. ಮಿಲಿಮೀಟರಿನ ಅರ್ಧಕ್ಕೂ ತಲೆ ಕೆಡಿಸಿಕೊಂಡಿದ್ದ. ಆದರೆ ಒಂದು ಸಲವೂ ಅದನ್ನು ಎತ್ತಿ ಎದೆಗೆ ಹಿಡಿದು ನೋಡಿರಲಿಲ್ಲ. ಇನ್ನೂ ಕಣ್ಣು ಬಿಡದ ಕೂಸನ್ನು ಎತ್ತಬಾರದು ಅನ್ನುವಂಥ ಒಂದು ಸಂಕೋಚ.

"ತಂತಿನ ಅದಲುಬದಲು ಮಾಡಿ ಹಾಕಿದ್ರೆ?" ಅಂತ ಆಸೆಯಿಂದ ಕೇಳಿದ.

"ಕುದುರೆ ಓರೆಯಾಗಿ ಕೂತಿದೆಯಲ್ಲ ಭಾವ, ಒಂದು ಸ್ವರಾನೂ ನೆಟ್ಟಗೆ ಬರಲ್ಲ. ಎಡಗೈಗೆ ಹೇಗೆ ಬೇಕೋ ಹಾಗೇ ಏರಿಸೋಣ. ನಾನು ಹೇಗೋ ಎಡಗೈಯಲ್ಲೇ ಬಾರಿಸ್ತೀನಿ ಬಿಡಿ. ಏನು ಮಹಾ."

ಆರು ತಂತಿ ಏರಿತು. ಶ್ರುತಿಯಾಯಿತು. ಗಂಟೆ ನಾಲ್ಕೂವರೆ. ಡಬ್ಬಕ್ಕೆ ವೈರು ಚುಚ್ಚುವ ಮೊದಲು ಮೇಷ್ಟ್ರು ಮನೆಗೆ ಓಡಿಹೋಗಿ ರಬ್ಬರ್ ಚಪ್ಪಲಿ ಹಾಕಿಕೊಂಡು ಬಂದು ಮುಕ್ಕಾಲಿಯ ಮೇಲೆ ಹತ್ತಿ ನಿಂತರು.

"ಮೇಷ್ಟ್ರೇ, ಇದು ಶಾಕ್ ಹೊಡೆಯಲ್ಲ."

"ಕರೆಂಟು ಅಂದ್ಮೇಲೆ ಕರೆಂಟೇ. ನೀನು ನಿನ್ನ ಕೆಲಸ ನೋಡು."

ಭಾವಮೈದ ಒಂದೇ ಒಂದು ತಂತಿ ಮುಟ್ಟಿದ. ಹನ್ನೊಂದು ಸಾವಿರ ಸುತ್ತು ತಿಂದಿದ್ದ ಆ ಕಿವಿ ಏಳು ಸಾವಿರದ ಕಿವಿಯಂತೆ ಚಾಡಿ ಹೇಳುತ್ತದೆಯೇ? ಡಂಗುರ ಸಾರಿತು. ಮಾಡಿನ ತಗಡು ಗಡಗಡ ನಡುಗಿತು. ಗೋಡೆಯ ಮೇಲಿದ್ದ ಗರಗಸ ತಾನೂ ಒಂದು ರಾಗ ತೆಗೆಯಿತು. ಮೇಷ್ಟ್ರು ಮುಕ್ಕಾಲಿಯಿಂದ ನೇರ ಟೈಲರಿನ ತೋಳಿಗೆ ಬಂದರು. ಬೀದಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಮೀಟರಣ್ಣ ಮಾತ್ರ ಅಲ್ಲಾಡಲಿಲ್ಲ. ಅವನ ಕಣ್ಣು ತುಂಬಿತ್ತು. ಸದ್ದು ದಪ್ಪಗಿತ್ತು, ಒರಟಾಗಿತ್ತು, ಆದರೂ ಒಳಗೆಲ್ಲೋ ಬೆಲ್ಲದಂಥದ್ದು ಕರಗುತ್ತಿತ್ತು. ತನ್ನದು. ತನ್ನ ಕೈಯಿಂದ ಹುಟ್ಟಿದ್ದು. "ಉಸಿರಾಡ್ತಿದೆ," ಅಂದ ಯಾರಿಗೂ ಅಲ್ಲದ ಹಾಗೆ.

ಉಸಿರಾಡಿತು, ಹಾಡಲಿಲ್ಲ. ಭಾವಮೈದನ ಎಡಗೈ ತಂತಿಯ ಮೇಲೆ ಹೊಸ ಬೂಟು ಹಾಕಿದ ಹಸುವಿನಂತೆ ನಡೆಯಿತು. ಬಲಗೈ ಬೆರಳುಗಳು ಒಂದರ ಕಾಲಿಗೆ ಒಂದು ಸಿಕ್ಕಿ ಬಿದ್ದವು. ಮೂರು ಹಾಡಿನಲ್ಲಿ ಒಂದನ್ನೂ ಅದರ ಹೆತ್ತವ್ವನೂ ಗುರುತಿಸುವಂತಿರಲಿಲ್ಲ.

"ಆಗಲ್ಲ ಭಾವ," ಹತ್ತು ನಿಮಿಷದ ಮೇಲೆ ಅವನು ಕೈ ಚೆಲ್ಲಿದ. "ಹುಟ್ಟು ಎಡಚರೇ ಬೇಕು. ಈ ಬೀದಿಲಿ ಯಾರಾದ್ರೂ ಇದಾರಾ?"

ಮೂವರೂ ಮೇಷ್ಟ್ರ ಕಡೆ ನೋಡಿದರು. ಬೀದಿಯ ಮುಕ್ಕಾಲು ಪಾಲು ಜನ ಅವರ ಕೈಕೆಳಗೇ ಓದಿದವರು.

"ಎಡಚರಾ?" ಮೇಷ್ಟ್ರು ಎದೆಯುಬ್ಬಿಸಿದರು. "ಒಬ್ಬನೂ ಇಲ್ಲ! ನನ್ನ ಕ್ಲಾಸಿಗೆ ಬಂದ ಒಬ್ಬನನ್ನೂ ನಾನು ಹಾಗೆ ಬಿಟ್ಟಿಲ್ಲ. ಎಡಗೈಯಲ್ಲಿ ಬಳಪ ಹಿಡಿದ್ರೆ ಗೆಣ್ಣಿಗೆ ಅಡಿಕೋಲು ಬೀಳ್ತಿತ್ತು. ಮೂರೇ ತಿಂಗಳು, ಎಲ್ಲರೂ ಬಲಗೈಗೆ. ಮೂವತ್ತೊಂದು ವರ್ಷದಲ್ಲಿ ಅದೊಂದು ನನ್ನ ಸಾಧನೆ ಅಂತ್ಲೇ ಹೇಳ್ಬೇಕು."

"ಉದ್ಧಾರ ಮಾಡಿದ್ರಿ," ಅಂದ ಟೈಲರು.

ಮೀಟರಣ್ಣ ಬೆಂಚಿನ ಅಂಚಿಗೆ ಕುಸಿದ. ಕುಟ್ಟಲು ಒಬ್ಬ, ಎಣಿಸಲು ಒಬ್ಬ, ಮಗುಚಲು ಒಬ್ಬ, ಬಾರಿಸಲು ಒಬ್ಬ. ಇಷ್ಟೆಲ್ಲ ಜನ ಸೇರಿ ಇಡೀ ಬೀದಿಯಲ್ಲಿ ಒಬ್ಬನೂ ನುಡಿಸಲಾಗದ ಒಂದು ಗಿಟಾರು ಮಾಡಿದ್ದರು. ಗಂಟೆ ಐದಕ್ಕೆ ಐದು ನಿಮಿಷ. ಹೊರಗೆ ಟೆಂಪೋ ಒಂದು ಕೆಮ್ಮಿ ನಿಂತ ಸದ್ದು. ನಲ್ಲಿ ಕಂಡಿತು, ಮೋರಿ ಕಂಡಿತು. ಅವುಗಳ ನಡುವೆ ಬಿಳಿ ಯಂತ್ರವೊಂದು ಮಂತ್ರಿಯ ಹಾಗೆ ಕೂತಿರುವುದೂ ಕಂಡಿತು.

ಶೆಡ್ಡಿನ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಏನು, ಎಲ್ಲ ಸತ್ತೋರ ಮನೇಲಿ ಕೂತ ಹಾಗೆ ಕೂತಿದೀರಿ? ಆಗಲೇ ಒಂದು ಸಲ ಗುಡುಗಿತು, ಪಾತ್ರೆ ಕೈಯಿಂದ ಬಿತ್ತು. ಈಗೇನಾಯ್ತು?"

"ಅಕ್ಕ, ಇದು ಎಡಗೈಯವರ ಗಿಟಾರಾಗಿಬಿಟ್ಟಿದೆ. ನಂಗೆ ನುಡಿಸೋಕಾಗ್ತಿಲ್ಲ," ಅಂದ ಭಾವಮೈದ.

"ಎಡಗೈಯವರದಾ?"

ಅವಳು ನಗುತ್ತಾಳೆ ಅಂತ ಮೀಟರಣ್ಣ ತಲೆ ತಗ್ಗಿಸಿ ಕಾದ. ಅವಳು ನಗಲಿಲ್ಲ. ಒಳಗೆ ಬಂದಳು. ಗಿಟಾರನ್ನು ಒಂದು ಕ್ಷಣ ದಿಟ್ಟಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಲೋ, ಕೊಡೋ ಇಲ್ಲಿ."

ಮುಕ್ಕಾಲಿಯ ಮೇಲೆ ಕೂತು ತೊಡೆಗಿಟ್ಟುಕೊಂಡಳು. ಒಡಲು ತೊಡೆಗೆ ಹೊಲಿದು ಕೊಟ್ಟ ಹಾಗೆ ಕೂತಿತು. ಗುಂಡಿಗಳು ಕೆಳಗೆ ಬಂದವು. ಬಲಗೈ ಕತ್ತಿನ ಮೇಲೆ ಹೋಯಿತು, ಎಡಗೈ ತಂತಿಯ ಮೇಲೆ ಇಳಿಯಿತು. ಬಿಟ್ಟುಹೋದ ಊರಿಗೆ ಹಿಂದಿರುಗಿದವರ ಕಾಲಿನ ಹಾಗೆ, ಯಾರನ್ನೂ ದಾರಿ ಕೇಳದೆ.

"ಮೂರನೇ ಕ್ಲಾಸು ಸಾರ್," ಅಂದಳು ತಲೆ ಎತ್ತದೆ. "ಎರಡನೇ ಸಾಲು, ಕಿಟಕಿ ಪಕ್ಕ. ಅಡಿಕೋಲು ಮುರಿದಿದ್ದು ನನ್ನ ಕೈ ಮೇಲೇನೇ. ನೆನಪಿದೆಯಾ?"

ಮೇಷ್ಟ್ರು ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡರು.

ಮೀಟರಣ್ಣನಿಗೆ ಹದಿನೆಂಟು ವರ್ಷದ ಸಂಸಾರ ಸರಸರನೆ ಕಣ್ಣ ಮುಂದೆ ಓಡಿತು. ತರಕಾರಿ ಹೆಚ್ಚುವ ಕೈ, ಹೊದಿಕೆ ಕುಕ್ಕುವ ಕೈ, ಅವನ ಕಡೆ ಸೌಟು ತೋರಿಸುವ ಕೈ. ಎಲ್ಲ ಎಡಗೈಯೇ! ಬರೆಯುವುದೊಂದು ಬಲಗೈ. ಮನೆಮನೆಯ ಮೀಟರಿನ ಮುಳ್ಳು ಯಾವ ಕಡೆ ತಿರುಗುತ್ತದೆ ಅಂತ ಹೇಳಬಲ್ಲ ತನಗೆ, ಮನೆಯವಳ ಕೈ ಯಾವ ಕಡೆಯದು ಅಂತ ತಿಳಿದಿರಲಿಲ್ಲ.

ಅವಳು ಒಂದೇ ತಂತಿಯ ಮೇಲೆ ಬೆರಳು ಸರಿಸುತ್ತ ಹುಡುಕಿದಳು. ಒಂದು ಸ್ವರ ಸಿಕ್ಕಿತು. ಅದರ ಪಕ್ಕದ್ದು ತಪ್ಪಿತು. ಹಿಂದೆ ಬಂದಳು. ಸಿಕ್ಕಿತು. ಬಾಗಿಲಲ್ಲಿ ಇಬ್ಬರು ಆಳುಗಳು ಬಿಳಿ ಯಂತ್ರ ಹೊತ್ತು ಬಂದು ನಿಂತರು.

"ಅಮ್ಮಾ, ಎಲ್ಲಿ ಇಳಿಸ್ಲಿ?"

"ತಡೀರಿ, ಇನ್ನೊಂದು ಸ್ವರ ಸಿಗ್ತಿಲ್ಲ."

"ಭಾರ ಇದೆ ಅಮ್ಮಾ..."

"ಶ್!" ಅಂದರು ಎಲ್ಲರೂ ಒಟ್ಟಿಗೆ.

ಆ ಇನ್ನೊಂದು ಸ್ವರ ಸಿಕ್ಕಿತು. ಸಾಲು ಕೂಡಿಕೊಂಡಿತು. ಶಾಲೆಯಲ್ಲಿ ಬೆಳಗ್ಗೆ ಮಕ್ಕಳು ಸಾಲಾಗಿ ನಿಂತು ಹೇಳುವ ಹಾಡು. ಹನ್ನೊಂದು ಸಾವಿರ ಸುತ್ತಿನ ಗಂಟಲಲ್ಲಿ ಅದು ಬೀದಿಯ ಈ ತುದಿಯಿಂದ ಆ ತುದಿಗೆ ಹರಿಯಿತು. ಮೊದಲ ಸಾಲು ಮುಗಿಯುವಷ್ಟರಲ್ಲಿ ಮೇಷ್ಟ್ರು ತಮಗೇ ಗೊತ್ತಿಲ್ಲದೆ ಕೈ ಇಳಿಬಿಟ್ಟು ನೆಟ್ಟಗೆ ನಿಂತಿದ್ದರು. ಯಂತ್ರ ಹೊತ್ತ ಆಳುಗಳಲ್ಲಿ ಒಬ್ಬ ಗುನುಗುತ್ತಿದ್ದ.

ಹಾಡು ನಿಂತಿತು.

"ಎಡಗೈಯಲ್ಲೇ ನುಡಿಸ್ದೆ ಸಾರ್," ಅಂದಳು ಅವಳು. "ಹೊಡೀತೀರಾ?"

ಮೇಷ್ಟ್ರು ತಮ್ಮ ರಬ್ಬರ್ ಚಪ್ಪಲಿಯನ್ನೇ ನೋಡುತ್ತ ನಿಂತರು. "ಕೊನೇ ಸಾಲು... ಸ್ವಲ್ಪ ಜೋರಾಗಿ ಹೋಯ್ತು ಕಣಮ್ಮ," ಅಂದರು. "ಉಳಿದದ್ದೆಲ್ಲ ಸರಿ ಇತ್ತು."

ಮೀಟರಣ್ಣ ಚಂಗನೆ ಎದ್ದ. "ಹಾಡ್ತು! ಗುರುತೂ ಸಿಕ್ತು! ಶೆಡ್ಡು ನಂದು!"

"ನಿಮ್ದೇ," ಅಂದಳು ಹೆಂಡತಿ. "ಆಡಿದ ಮಾತು ತಪ್ಪಲ್ಲ ನಾನು. ಮಷೀನು ಬಚ್ಚಲಿಗೆ ಇಡ್ರಪ್ಪಾ."

ಟೈಲರು ಮೀಟರಣ್ಣನನ್ನು ತಬ್ಬಿಕೊಂಡ. ಭಾವಮೈದ ಸೀಟಿ ಹೊಡೆದ. ಯಂತ್ರ ಬಚ್ಚಲಿಗೆ ಹೋಗಿ, ಆಳುಗಳು ಬೆವರು ಒರೆಸಿಕೊಂಡು, ಟೆಂಪೋ ಹೊರಟು, ನೆರೆಹೊರೆ ಚದುರಿತು. ಗೆದ್ದ ಶೆಡ್ಡನ್ನು ಒಮ್ಮೆ ಕಣ್ತುಂಬ ನೋಡೋಣ ಅಂತ ಮೀಟರಣ್ಣ ತಿರುಗಿದರೆ ಹೆಂಡತಿ ಇನ್ನೂ ಮುಕ್ಕಾಲಿಯ ಮೇಲೇ ಇದ್ದಳು.

"ರೀ, ಈ ಬೆಂಚು ಎಲ್ಲಿಗೆ ಹಾಕ್ತೀರಿ?"

"ಯಾಕೆ? ಇಲ್ಲೇ ಇರುತ್ತೆ."

"ಇದಿದ್ರೆ ನಾನು ಕಾಲು ಚಾಚಿ ಕೂರೋದೆಲ್ಲಿ? ಮತ್ತೆ ಈ ಮರದ ಹುಡಿ ತಂತಿಗೆ ಒಳ್ಳೇದಲ್ವಂತೆ, ನನ್ನ ತಮ್ಮ ಹೇಳ್ದ. ಆ ಉಳಿ, ಗರಗಸ ಎಲ್ಲ ಬಚ್ಚಲಿಗೆ ತಗೊಂಡೋಗಿ. ಮಷೀನಿನ ಮೇಲೆ ಜಾಗ ಇದೆ."

"ಶೆಡ್ಡು ನಂದು ಅಂತ ಮಾತಾಗಿತ್ತಲ್ಲೇ!"

"ನಾನೇನು ಇಲ್ಲ ಅಂದ್ನಾ? ಶೆಡ್ಡು ನಿಮ್ದು, ಗಿಟಾರು ನಿಮ್ದು, ಹೆಂಡ್ತಿ ನಿಮ್ಮೋಳು. ನುಡಿಸೋ ಕೈ ಮಾತ್ರ ನಂದು." ಅವಳು ತಂತಿಯ ಮೇಲೆ ಬೆರಳು ಆಡಿಸಿದಳು, ತಗಡು ಮೆಲ್ಲಗೆ ಗುನುಗಿತು. ಅವಳ ಮುಖದಲ್ಲಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಕೂತಿದ್ದಳು. ಅವಳ ಮುಂದೆ ಯಾವ ವಾದ ಹೂಡುವುದು?

ಕತ್ತಲಾಗುವ ಮುಂಚೆ ಎಂಟು ತಿಂಗಳ ಕಾರ್ಖಾನೆ ನಾಲ್ಕು ಬುಟ್ಟಿಯಲ್ಲಿ ಬಚ್ಚಲು ಸೇರಿತು. ಅರಗಳು ಸೋಪಿನ ಪಕ್ಕ, ಗರಗಸ ಟವಲಿನ ಪಕ್ಕ. ಮಂತ್ರಿಯ ಹಾಗಿದ್ದ ಬಿಳಿ ಯಂತ್ರದ ತಲೆಯ ಮೇಲೆ ಉಳಿಗಳ ಕಿರೀಟ. ಮೀಟರಣ್ಣ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತ. ಹಿತ್ತಲಿಂದ ಅದೇ ಸದ್ದು ಬಂತು. ದಪ್ಪಗೆ, ಒರಟಾಗಿ, ಒಳಗೆ ಬೆಲ್ಲ ಇಟ್ಟುಕೊಂಡು. ಸೋತದ್ದೋ ಗೆದ್ದದ್ದೋ ಅವನಿಗೆ ಸರಿಯಾಗಿ ಬಗೆಹರಿಯಲಿಲ್ಲ; ಆದರೆ ಕೇಳಲು ಹಿತವಾಗಿತ್ತು. ಹಿತವಾಗಿದ್ದುದರಿಂದಲೇ ತಲೆಯಲ್ಲಿ ಹೊಸ ಹುಳ ಹೊಕ್ಕಿತು. ಎದ್ದು ಹೋಗಿ ಶೆಡ್ಡಿನ ಬಾಗಿಲು ತಟ್ಟಿದ. ತನ್ನ ಶೆಡ್ಡಿನ ಬಾಗಿಲು, ಒಳಗಿನಿಂದ ಚಿಲಕ ಹಾಕಿತ್ತು.

"ಯಾರು?"

"ನಾನು ಕಣೇ. ಇನ್ನೊಂದು ಮಾಡೋಣ ಅಂತ. ಈ ಸಲ ನಂಗೇ ಒಂದು. ನಾನೂ ಕಲೀತೀನಿ."

ಒಳಗೆ ಸದ್ದು ನಿಂತಿತು. ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಹೆಂಡತಿಯ ಕಣ್ಣುಗಳು ಮಿನುಗುತ್ತಿದ್ದವು.

"ಖಂಡಿತ ಮಾಡಿ," ಅಂದಳು. "ಆದ್ರೆ ಎಡಗೈದೇ ಮಾಡಿ. ಇದರ ತಂತಿ ಹರಿದ್ರೆ ನಾನೇನು ಸುಮ್ನೆ ಕೂರ್ಲಾ?"